ಬಟ್ಟೆ ಒಣಗುವಷ್ಟು ಹೊತ್ತು

ಬುಧವಾರ, ಮಾರ್ಚ್ ೧೨
ಲಾಂಡ್ರಿಯ ಹಿಂದಿನ ಕೋಣೆಯಿಂದ

ಬಾಗಿಲು ಹಾಕಿಕೊಂಡು ಕೂತಿರುವ ನನ್ನ ಅಮ್ಮನಿಗೆ,

ನಿನಗೆ ಗೊತ್ತಿಲ್ಲದ್ದನ್ನು ಮೊದಲು ಹೇಳಿಬಿಡುತ್ತೇನೆ. ಹೋದ ಏಪ್ರಿಲ್‌ನಿಂದ ಪ್ರತಿ ಗುರುವಾರ ಸಂಜೆ ನಾನು ಕ್ಯಾರಿಬೂ ಪಟ್ಟಣಕ್ಕೆ ಹೋಗಿ, ಶಾಲೆ ಬಿಟ್ಟವರಿಗೆಂದು ಇರುವ ಪರೀಕ್ಷೆಗೆ ಓದುತ್ತಿದ್ದೇನೆ ಎಂದು ನೀನು ನಂಬಿದ್ದೀಯ. ನಾನು ಹೋದದ್ದು ಎರಡೇ ಸಲ. ಪರೀಕ್ಷೆಗೆ ಕೂತೇ ಇಲ್ಲ. ಉಳಿದ ಗುರುವಾರಗಳೆಲ್ಲ ನಾನು ಕೆಲಸ ಮಾಡುವ ಈ ಲಾಂಡ್ರಿಯಲ್ಲೇ ಇದ್ದೆ, ನಿನ್ನ ಹತ್ತನೇ ತರಗತಿಯ ಮಕ್ಕಳ ಜೊತೆ. ಮುಂದೆ ಏನು ಓದಬೇಕು, ಯಾವ ಕೆಲಸ ಹಿಡಿಯಬೇಕು ಎಂದು ಕೌನ್ಸೆಲರ್ ಕೋಣೆಯಲ್ಲಿ ನೀನು ಅವರಿಗೆ ಹೇಳುತ್ತೀಯಲ್ಲ, ಅದೇ ವಿಷಯವನ್ನು ನಾವು ಇಲ್ಲಿ ಬಟ್ಟೆ ಒಣಗಿಸುವ ಯಂತ್ರಗಳ ಮುಂದೆ ಕೂತು ಮಾತಾಡುತ್ತಿದ್ದೆವು.

ಸುಳ್ಳು ಹೇಳಿದ್ದಕ್ಕೆ ಕ್ಷಮೆ ಕೇಳುತ್ತೇನೆ. ಮಾಡಿದ ಕೆಲಸಕ್ಕೆ ಕೇಳುವುದಿಲ್ಲ. ಎರಡನ್ನೂ ಬೆರೆಸಬೇಡ.

ಶುರುವಾದದ್ದು ರೆಮಿ ಗಾನ್ಯೋನಿಂದ. ಅವನು ಮನೆಯ ಬಟ್ಟೆಬುಟ್ಟಿ ಹೊತ್ತು ಬಂದವನು ಯಂತ್ರಕ್ಕೆ ಸೋಪು ಹಾಕುವುದನ್ನೂ ಮರೆತು ಒಂದು ಕಾಗದ ಹಿಡಿದು ನಿಂತಿದ್ದ. ನೀನು ಮಾಡಿಸುವ ಆಸಕ್ತಿ ಪರೀಕ್ಷೆಯ ಫಲಿತಾಂಶ ಅದು.

"ನೂರಿಪ್ಪತ್ತು ಪ್ರಶ್ನೆಗೆ ಉತ್ತರ ಬರೆದೆ ಒಡೆಟ್, ಕೊನೆಗೆ ನೀನು ಹೆಣ ಸಿಂಗರಿಸೋಕೆ ಲಾಯಕ್ಕು ಅಂತ ಬಂದಿದೆ" ಎಂದ.

"ಅಂಥದ್ದೇನು ಬರೆದೆ ಮಾರಾಯ?"

"ಗಲಾಟೆ ಆಗಲ್ಲ, ಜನಕ್ಕೆ ಸಹಾಯ ಮಾಡೋದು ಇಷ್ಟ ಅಂತ ಬರೆದೆ. ಅಷ್ಟೇ!"

ಅವತ್ತು ಮೂರನೇ ಯಂತ್ರದ ಮುಂದೆ ಯಾರು ಕೂತಿದ್ದರು ಗೊತ್ತೇ? ಶವಸಂಸ್ಕಾರದ ಮನೆ ನಡೆಸುವ ಮುದುಕ ಕ್ಲೋವಿಸ್. ತಮ್ಮ ಬಿಳಿ ಅಂಗಿಗಳು ತಿರುಗುವುದನ್ನೇ ನೋಡುತ್ತಿದ್ದರು. ನಾನು ರೆಮಿಯನ್ನು ಅವರ ಕಡೆ ತಳ್ಳಿದೆ. ಮೂರೇ ಪ್ರಶ್ನೆ ಕೇಳು ಎಂದೆ. ಎಷ್ಟು ಗಂಟೆಗೆ ಏಳ್ತೀರಿ, ಮೈಯಲ್ಲಿ ಎಲ್ಲಿ ನೋವು, ಮತ್ತೆ ಹದಿನೈದು ವರ್ಷದವರಾದರೆ ಇದೇ ಕೆಲಸ ಹಿಡೀತೀರಾ. ಬಟ್ಟೆ ಒಣಗಲು ನಲವತ್ತು ನಿಮಿಷ ಬೇಕು. ಅಷ್ಟು ಹೊತ್ತು ಮನುಷ್ಯ ಎದ್ದು ಹೋಗುವಂತಿಲ್ಲ. ಈ ಊರಲ್ಲಿ ದೊಡ್ಡವರು ಮಕ್ಕಳ ಕೈಗೆ ಹಾಗೆ ಸಿಗುವುದು ಇದೊಂದೇ ಜಾಗದಲ್ಲಿ, ಅಮ್ಮ.

ರೆಮಿ ಕಣ್ಣರಳಿಸಿಕೊಂಡು ವಾಪಸು ಬಂದ. "ಫೋನ್ ಬಂದ್ರೆ ಊಟದ ಮಧ್ಯೆನೂ ಏಳ್ಬೇಕಂತೆ. ಮೊಣಕಾಲು ಎರಡೂ ಹೋಗಿದೆಯಂತೆ. ಆದ್ರೂ ಇದೇ ಮಾಡ್ತೀನಿ ಅಂದ್ರು. ನನಗಂತೂ ಬೇಡಪ್ಪ. ಆದ್ರೆ ಆ ಯಪ್ಪ ಎಷ್ಟು ಒಳ್ಳೆಯವರು!"

ಮುಂದಿನ ಗುರುವಾರ ಅವನು ಇಬ್ಬರು ಗೆಳೆಯರನ್ನು ಕರೆತಂದ. ಆಮೇಲೆ ಹುಡುಗಿಯರು ಬಂದರು. ವೃದ್ಧಾಶ್ರಮದ ನರ್ಸ್‌ಗಳು, ಸೇತುವೆಯ ಗಡಿಠಾಣೆಯವರು, ಕಾಡಿನಲ್ಲಿ ಮರ ಕಡಿಯುವವರು, ನಿನ್ನ ಶಾಲೆಯ ರಸಾಯನಶಾಸ್ತ್ರದ ಮೇಷ್ಟ್ರು ಸಹ. ಯಾರು ಬಟ್ಟೆ ತಂದರೂ ಮಕ್ಕಳು ಬಿಡುತ್ತಿರಲಿಲ್ಲ. ಮೇಷ್ಟ್ರು ಮೂರನೇ ಪ್ರಶ್ನೆಗೆ ಉತ್ತರ ಕೊಡದೆ ಒದ್ದೆ ಬಟ್ಟೆಯನ್ನೇ ಬುಟ್ಟಿಗೆ ತುಂಬಿಕೊಂಡು ಹೊರಟುಹೋದರು. ಅದನ್ನು ನಾನು ಮಕ್ಕಳಿಗೆ ವಿವರಿಸಿ ಹೇಳಲಿಲ್ಲ. ಅವರಿಗೇ ಅರ್ಥವಾಯಿತು.

ನೀನು ಈಗ ಏನು ಹೇಳುತ್ತೀಯೋ ನನಗೆ ಗೊತ್ತು. ಶಾಲೆ ಮುಗಿಸದವಳು ಇನ್ನೊಬ್ಬರಿಗೆ ದಾರಿ ತೋರಿಸುವುದೆಂದರೇನು? ನಾನು ದಾರಿ ತೋರಿಸಲಿಲ್ಲ. ಒಬ್ಬರಿಗೂ ಇದನ್ನು ಓದು, ಅದನ್ನು ಬಿಡು ಎನ್ನಲಿಲ್ಲ. ಶಾಲೆ ಬಿಡುವ ಯೋಚನೆಯಲ್ಲಿದ್ದ ಇಬ್ಬರಿಗೆ ಮಾತ್ರ ನನ್ನ ಕಥೆ ಹೇಳಿದೆ, ಇಬ್ಬರೂ ಬಿಡಲಿಲ್ಲ. ಅವರ ಹೆಸರು ಹೇಳುವುದಿಲ್ಲ. ಅವರು ನಿನ್ನ ಲೆಕ್ಕದಲ್ಲಿ ಕ್ಷೇಮವಾಗಿದ್ದಾರೆ.

ಈಗ ಕಮೀಲ್ ವಿಷಯಕ್ಕೆ ಬರುತ್ತೇನೆ. ಈ ಪತ್ರ ಬರೆಯಲು ಕೂತದ್ದೇ ಅದಕ್ಕೆ.

ಕಮೀಲ್ ಒವೆಲೆಟ್ ಗಣಿತದಲ್ಲಿ ಶಾಲೆಗೇ ಮೊದಲು ಎಂದು ನನಗಿಂತ ನಿನಗೆ ಚೆನ್ನಾಗಿ ಗೊತ್ತು. ನಿನಗೆ ಗೊತ್ತಿಲ್ಲದ್ದು ಬೇರೆ ಇದೆ. ಹೋದ ಶರತ್ಕಾಲದಲ್ಲಿ ಆಲೂಗಡ್ಡೆ ಕೀಳಲು ಶಾಲೆಗೆ ಮೂರು ವಾರ ರಜೆ ಕೊಟ್ಟಿದ್ದಿರಲ್ಲ, ಆಗ ಅವಳು ಕೀಳುವ ಯಂತ್ರದ ಮೇಲೆ ನಿಂತು ಗಡ್ಡೆಯಿಂದ ಕಲ್ಲು ಆರಿಸುತ್ತಿದ್ದಳು. ಒಂದು ಮಧ್ಯಾಹ್ನ ಯಂತ್ರದ ವಿದ್ಯುತ್ತು ಕೈಕೊಟ್ಟಿತು. ಉಳಿದವರೆಲ್ಲ ಸಿಗರೇಟು ಹಚ್ಚಿ ಕೂತರು. ರಿಪೇರಿಗೆ ಬಂದವನ ಪಕ್ಕದಲ್ಲಿ ಅವಳು ಕತ್ತಲಾಗುವವರೆಗೆ ದೀಪ ಹಿಡಿದು ನಿಂತಳು. ಅವನು ಎರಡು ಸಲ ತಪ್ಪು ತಂತಿಗೆ ಕೈಹಾಕಿದಾಗ ಎರಡು ಸಲವೂ ಇವಳೇ ತಡೆದಳಂತೆ. "ನನಗೆ ಅಲ್ಲೇ ಗೊತ್ತಾಯ್ತು ಒಡೆಟ್. ಪುಸ್ತಕದಲ್ಲಿರೋದು ಅಲ್ಲಿ ಓಡಾಡ್ತಾ ಇತ್ತು" ಎಂದಳು.

ನಾನು ಅವಳ ಮಾತನ್ನು ನಂಬಿ ಸುಮ್ಮನಾಗಲಿಲ್ಲ. ಲೈನ್‌ಮನ್ ಕೆಲಸದ ಲೋರೀನ್ ಮಿಶೋ ಹದಿನೈದು ದಿನಕ್ಕೊಮ್ಮೆ ಕೆಲಸದ ಬಟ್ಟೆ ತರುತ್ತಾಳೆ. ಕಮೀಲ್‌ಳನ್ನು ಅವಳ ಮುಂದೆ ಕೂರಿಸಿದೆ. ಎಲ್ಲಿ ನೋವು ಎಂಬ ಪ್ರಶ್ನೆಗೆ ಲೋರೀನ್ ಹೇಳಿದ್ದು: "ಭುಜ. ನನ್ನ ಗಂಡ ಇಡೀ ದಿನ ಕುರ್ಚಿ ಮೇಲೆ ಕೂರ್ತಾನೆ, ಅವನಿಗೆ ಸೊಂಟ. ನೋವಿಲ್ಲದ ಕೆಲಸ ಸಿಕ್ಕಿದ್ರೆ ನನಗೂ ಹೇಳು." ಆಮೇಲೆ ಕಮೀಲ್ ಎದ್ದು ಹೋಗಲಿಲ್ಲ. ಬಟ್ಟೆ ಒಣಗಿ ತಣ್ಣಗಾದರೂ ಇಬ್ಬರೂ ಮಾತಾಡುತ್ತಲೇ ಇದ್ದರು. ನಾನೇ ಬಟ್ಟೆ ಮಡಿಚಿಟ್ಟೆ.

ವೃತ್ತಿ ತರಬೇತಿ ಕೇಂದ್ರದ ವಿದ್ಯುತ್ ವಿಭಾಗದಲ್ಲಿ ನಮ್ಮ ಶಾಲೆಗೆ ಇರುವುದು ಎರಡೇ ಜಾಗ. ಹತ್ತನೇ ತರಗತಿಯಲ್ಲಿ ಅರ್ಜಿ ಹಾಕದಿದ್ದರೆ ಮತ್ತೆ ಅವಕಾಶವಿಲ್ಲ. ಅರ್ಜಿಗೆ ಕೌನ್ಸೆಲರ್ ಸಹಿ ಬೇಕು, ಶುಕ್ರವಾರ ಮಧ್ಯಾಹ್ನದೊಳಗೆ ತಲುಪಬೇಕು. ನೀನು ಸಹಿ ಹಾಕದೆ ವಾಪಸು ಕೊಟ್ಟೆ. "ಇಷ್ಟು ಮಾರ್ಕ್ಸ್ ತಗೊಂಡು ಕಂಬ ಹತ್ತೋದಾ? ಇನ್ನೊಂದು ಸಲ ಯೋಚನೆ ಮಾಡು, ಕಂದ" ಎಂದೆಯಂತೆ. ಪ್ರೀತಿಯಿಂದಲೇ ಹೇಳಿದೆ ಎಂದು ಅವಳೂ ಒಪ್ಪುತ್ತಾಳೆ. ಅವಳು ನಿನ್ನ ಕೋಣೆಯಿಂದ ಬಂದು ಇಲ್ಲಿ ಸೋಪಿನ ಡಬ್ಬಗಳ ಮಧ್ಯೆ ಕೂತು ಅತ್ತಳು. ಅವಳು ಅಳುವ ಹುಡುಗಿಯಲ್ಲ.

ನಿನ್ನ ಭಯ ನನಗೆ ಗೊತ್ತು. ಅಪ್ಪನ ಬೆನ್ನು. ಆಲೂಗಡ್ಡೆ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಮೂಟೆ ಎತ್ತಿದ ಬೆನ್ನಿಗೆ ನೀನು ಮುಲಾಮು ಹಚ್ಚುವುದನ್ನು ನೋಡುತ್ತ ಬೆಳೆದವಳು ನಾನು. ಈ ಕಣಿವೆಯ ಒಂದು ಮಗುವೂ ಹಾಗೆ ಬಾಗಬಾರದು ಎಂದು ನೀನು ಹಟ ಹಿಡಿದೆ. ಆ ಹಟದಿಂದ ಎಷ್ಟೋ ಮಕ್ಕಳು ಕಾಲೇಜು ಕಂಡರು, ನಾನು ಇಲ್ಲವೆನ್ನುವುದಿಲ್ಲ. ಆದರೆ ಹಟ ಯಾವಾಗಲೋ ಗೋಡೆಯ ಮೇಲಿನ ಅಂಕಿಯಾಯಿತು. ಅಕ್ಟೋಬರ್ ಬಂದರೆ ಎಲ್ಲರನ್ನೂ ಗ್ರಂಥಾಲಯದಲ್ಲಿ ಕೂರಿಸಿ ಕಾಲೇಜಿಗೆ ಅರ್ಜಿ ಬರೆಸುತ್ತೀಯ. ತನ್ನಪ್ಪನ ಲಾರಿ ಓಡಿಸಲು ಕೀಲಿಯನ್ನು ಜೇಬಲ್ಲೇ ಇಟ್ಟುಕೊಂಡು ಬಂದವನೂ ಬರೆಯಬೇಕು. ಅವನು ಹೋಗುವುದಿಲ್ಲ ಎಂದು ನಿನಗೂ ಗೊತ್ತು, ಅವನಿಗೂ ಗೊತ್ತು. ಆದರೆ ಶಾಲೆಯ ಗೋಡೆಗೆ ಕಟ್ಟಿದ ಬ್ಯಾನರಿನ ಮೇಲೆ ನೂರಕ್ಕೆ ನೂರು: ಎಲ್ಲರೂ ಕಾಲೇಜಿಗೆ ಅರ್ಜಿ ಹಾಕಿದವರು, ಒಬ್ಬರೂ ಶಾಲೆ ಬಿಟ್ಟಿಲ್ಲ.

ಆ ನೂರರೊಳಗೆ ನಾನೂ ಇದ್ದೇನೆ. ಅದೇ ನನಗೆ ತಡೆಯಲಾಗದ್ದು.

ನಿನ್ನೆ ಸಂಜೆ ಹತ್ತನೇ ತರಗತಿಯವರ ಸಭೆಯಲ್ಲಿ ನೀನು ವೇದಿಕೆಯಿಂದ ಕಂಡದ್ದು ಬೇರೆ, ನಾನು ಹಾಲ್‌ನ ಹಿಂದೆ ಕಾವಲಿಯ ಮುಂದೆ ನಿಂತು ಕಂಡದ್ದು ಬೇರೆ. ಪ್ಲೋಯ್ ದೋಸೆ ಹುಯ್ಯಲು ಕೈ ಸಾಲದು ಎಂದು ಇವೋನ್ ಚಿಕ್ಕಮ್ಮ ನನ್ನನ್ನು ಕರೆದಿದ್ದಳು. ನಾನು ಜಗಳಕ್ಕೆಂದು ಬಂದವಳಲ್ಲ. ಕಮೀಲ್‌ಳ ಅಪ್ಪ ರೋಸೇರ್ ಎದ್ದು ನಿಂತರು. ಟೋಪಿಯನ್ನು ಹಿಂಡಿ ಹಿಂಡಿ ಹಗ್ಗ ಮಾಡಿಕೊಂಡಿದ್ದರು. "ನನ್ನ ಮಗಳಿಗೆ ಕಾಲೇಜು ಬೇಡ ಅಂದ್ರೆ ಅವಳು ಹಾಳಾದಳು ಅಂತಾನಾ, ಮೇಡಂ?" ಎಂದು ಕೇಳಿದರು. ಲಾರಿ ಓಡಿಸುವ ಆ ಮನುಷ್ಯ ನಿನ್ನ ಮುಂದೆ ಬಾಯಿ ತೆರೆಯಲು ಎಷ್ಟು ದಿನ ಧೈರ್ಯ ಕೂಡಿಸಿಟ್ಟಿರಬೇಕು. ನೀನು ನಕ್ಕು ಹೇಳಿದೆ: "ಈ ಶಾಲೆಯಿಂದ ಯಾರೂ ಹಾಳಾಗಿಲ್ಲ ರೋಸೇರ್. ನಾಲ್ಕು ವರ್ಷದಿಂದ ಒಬ್ಬರೂ ಶಾಲೆ ಬಿಟ್ಟಿಲ್ಲ."

ಹಿಂದಿನ ಸಾಲಿನಲ್ಲಿದ್ದವರು ತಿರುಗಿ ನನ್ನನ್ನು ನೋಡಿದರು. ಊರಿಗೆಲ್ಲ ಗೊತ್ತು ಅಮ್ಮ. ಯಾರೂ ಹೇಳುವುದಿಲ್ಲ, ಅಷ್ಟೇ.

"ನಾನು ಬಿಟ್ಟಿದ್ದೀನಲ್ಲ" ಎಂದೆ. ನನಗೆ ಅಷ್ಟು ದೊಡ್ಡ ದನಿ ಇದೆಯೆಂದು ನನಗೇ ಗೊತ್ತಿರಲಿಲ್ಲ. "ನಾನು ಮನೇಲಿ ಓದ್ತಾ ಇಲ್ಲ. ಹನ್ನೊಂದನೇ ಕ್ಲಾಸಿನ ಫೆಬ್ರವರೀಲಿ ಬಿಟ್ಟೆ. ನೀವ್ಯಾರೂ ಬಿಡಬೇಡಿ. ಆದ್ರೆ ನಾನು ಇಲ್ಲವೇ ಇಲ್ಲ ಅಂತ ಮಾತ್ರ ಹೇಳ್ಬೇಡಿ."

ಆಮೇಲೆ ಯಾರೋ "ಪ್ಲೋಯ್ ಸೀಯ್ತಿದೆ ಕಣೇ ಒಡೆಟ್!" ಎಂದರು. ಇವೋನ್ ಚಿಕ್ಕಮ್ಮ ಚಮಚ ಕಿತ್ತುಕೊಂಡು, "ಬಾಯಿ ಥೇಟ್ ಅವರಪ್ಪಂದೇ. ಅವನೂ ಹೀಗೇ, ಚರ್ಚಲ್ಲಿ ಫಾದರ್ ಮಾತಿಗೆ ಎದುರು ಹೇಳಿದ್ದ" ಎಂದಳು. ಜನ ನಕ್ಕರು. ನೀನು ಮೈಕ್ ಕೆಳಗಿಟ್ಟು ಒಳಗೆ ಹೋದೆ.

ನಿನ್ನ ಮುಖ ನೋಡಿ ನನಗೆ ಸಂತೋಷವಾಯಿತು ಎಂದು ಮಾತ್ರ ಅಂದುಕೊಳ್ಳಬೇಡ. ಆಗಲಿಲ್ಲ. ಆದರೆ ಮತ್ತೆ ನಿನ್ನೆಯ ಸಂಜೆ ಬಂದರೆ ಮತ್ತೆ ಹೇಳುತ್ತೇನೆ.

ನನ್ನನ್ನು ಶಾಲೆ ಬಿಟ್ಟವಳೆಂದು ಎಣಿಸದಿರಲಿ ಎಂದು, ನಾನು ಮನೆಯಲ್ಲೇ ಓದುತ್ತೇನೆ ಎಂಬ ಪತ್ರವನ್ನು ನೀನು ಶಾಲೆಗೆ ಬರೆದೆ, ನಾನೂ ಸಹಿ ಹಾಕಿದೆ. ಆಗ ಹದಿನೇಳು ವರ್ಷ ನನಗೆ. ಒಂದು ವಾರದಿಂದ ನೀನು ಊಟ ಬಿಟ್ಟಿದ್ದೆ, ಸಹಿ ಹಾಕಿದರೆ ಉಣ್ಣುತ್ತೀಯ ಎಂದು ಹಾಕಿದೆ. ಇವತ್ತು ಪ್ರಿನ್ಸಿಪಾಲರು ನಿನ್ನನ್ನು ಕರೆಸಿದ್ದಾರೆಂದು ರೆಮಿ ಹೇಳಿದ. ಅದರಲ್ಲಿ ನನ್ನದೂ ಪಾಲಿದೆ ಎಂದು ಅವರಿಗೆ ಹೇಳು. ಬೇಕಾದರೆ ನಾನು ಬರೆದು ಕಳಿಸುತ್ತೇನೆ.

ನಾನು ಯಾಕೆ ಬಿಟ್ಟೆ ಎಂದು ನೀನು ಮೂರು ವರ್ಷದಿಂದ ಹುಡುಕುತ್ತಿದ್ದೀಯ. ಹುಡುಗನೊಬ್ಬನಿದ್ದ ಎಂದು ನೀನು ಅಂದುಕೊಂಡೆ. ನೀನು ಬಿಗಿ ಮಾಡಿದ್ದಕ್ಕೆ ಎಂದೂ ನೀನೇ ಅಂದುಕೊಂಡೆ. ನಿಜ ತೀರಾ ಸಣ್ಣದು. ನನಗೆ ಬೇಜಾರಾಯಿತು. ಜೊತೆಗೆ ಜಂಬ. ಹೊರಗೆ ಜಗತ್ತು ನನಗಾಗಿ ಕಾದಿದೆ ಎಂದುಕೊಂಡಿದ್ದೆ. ಕಾದಿದ್ದದ್ದು ಕಾರ್ಖಾನೆಯ ಎರಡು ಚಳಿಗಾಲ, ಆಮೇಲೆ ಇನ್ನೊಬ್ಬರ ಒಳಬಟ್ಟೆ. ಪಶ್ಚಾತ್ತಾಪ ಇದೆಯೇ ಎಂದರೆ ಇದೆ. ಆದರೆ ನನ್ನ ಪಶ್ಚಾತ್ತಾಪ ನನ್ನದು. ಅದನ್ನು ಬ್ಯಾನರಿನ ಹಿಂದೆ ಬಚ್ಚಿಡುವ ಹಕ್ಕು ನಿನಗಿಲ್ಲ.

ಹತ್ತನೇ ತರಗತಿಯಲ್ಲಿ ನೀನೇ ನನ್ನ ನಾಲ್ಕು ವರ್ಷದ ಯೋಜನೆ ಬರೆದದ್ದು ನೆನಪಿದೆಯೇ? ನೀಲಿ ಶಾಯಿಯಲ್ಲಿ, ಅಂದವಾಗಿ. ಇನ್ನೊಬ್ಬ ಹುಡುಗಿಯ ಯೋಜನೆಯನ್ನೂ ನೀನೇ ಬರೆಯಬೇಡ. ನಾನು ಬಿಟ್ಟೆನೆಂಬ ಸಿಟ್ಟಿಗೆ ಕಮೀಲ್‌ಳನ್ನು ಹಿಡಿದುಕೊಳ್ಳಬೇಡ. ಅವಳು ನಾನಲ್ಲ. ಅವಳು ಓದು ಬಿಡುತ್ತಿಲ್ಲ, ಓದಿಗೆ ಬೇರೆ ಬಾಗಿಲು ಕೇಳುತ್ತಿದ್ದಾಳೆ. ನಿನ್ನ ನೂರು ತೊಂಬತ್ತೊಂಬತ್ತಾದರೆ ಆಗಲಿ.

ನನಗಾಗಿ ಏನೂ ಕೇಳುತ್ತಿಲ್ಲ. ಅವಳಿಗೆ ಸಹಿ ಹಾಕು.

ಇನ್ನೊಂದು ವಿಷಯ. ಲೋರೀನ್‌ಳ ತಮ್ಮ ದಕ್ಷಿಣದಲ್ಲಿ ವಿದ್ಯುತ್ ತಂತಿಗೆ ತಾಗುವ ಮರಗಳನ್ನು ಕಡಿಸುವ ತಂಡ ನಡೆಸುತ್ತಾನೆ. ಕೊಂಬೆ ಎಳೆದು ಹಾಕಲು ಒಬ್ಬರು ಬೇಕಂತೆ. ಶಾಲೆ ಮುಗಿಸಿಲ್ಲ ಎಂದು ಮೊದಲ ಮಾತಿಗೇ ಹೇಳಿದೆ. "ಮರ ಸರ್ಟಿಫಿಕೇಟ್ ಕೇಳಲ್ಲ" ಎಂದ. ಹೋದ ಶನಿವಾರವೇ ಒಪ್ಪಿಕೊಂಡೆ, ಸಭೆಗೂ ಮೊದಲು. ಊರಿನವರು ಓಡಿಹೋದಳು ಎಂದರೆ ಈ ದಿನಾಂಕ ಹೇಳು. ಪರೀಕ್ಷೆಗೆ ಕೂರುತ್ತೇನೋ ಇಲ್ಲವೋ ಗೊತ್ತಿಲ್ಲ. ಕೂತರೆ ಹೇಳುತ್ತೇನೆ, ಕೂರದಿದ್ದರೂ ಹೇಳುತ್ತೇನೆ. ಇನ್ನು ಮೇಲೆ ಗುರುವಾರದ ಸುಳ್ಳುಗಳಿಲ್ಲ.

ಅಪ್ಪನಿಗೆ ಮುಲಾಮು ಹಚ್ಚುವಾಗ ಎಡಭುಜದ ಕೆಳಗೆ ಒತ್ತಬೇಡ, ಅಲ್ಲಿ ನೋಯುತ್ತದೆಯಂತೆ. ನಿನಗೆ ಹೇಳಲು ಅವನಿಗೆ ಹೆದರಿಕೆ.

ಸೋಲೊಪ್ಪದ, ಆದರೂ ನಿನ್ನವಳೇ ಆದ,
ಒಡೆಟ್

ತಾ.ಕ.: ಕಮೀಲ್‌ಳ ಅರ್ಜಿ ಇದೇ ಲಕೋಟೆಯಲ್ಲಿದೆ. ನಿನ್ನ ಸಹಿ ನನಗೆ ಚೆನ್ನಾಗಿ ಬರುತ್ತದೆ. ಹತ್ತನೇ ತರಗತಿಯಲ್ಲಿ ನನ್ನ ಗಣಿತದ ಪ್ರಗತಿಪತ್ರಕ್ಕೆ ನಾಲ್ಕು ಸಲ ಹಾಕಿದ್ದೆ, ಯಾರಿಗೂ ತಿಳಿಯಲಿಲ್ಲ. ಇವತ್ತು ಮಧ್ಯಾಹ್ನ ಕಮೀಲ್‌ಳ ಅಮ್ಮ ಬಂದು "ನೀನೇ ಹಾಕಿಬಿಡು, ಯಾರು ನೋಡ್ತಾರೆ" ಎಂದಳು. ಪೆನ್ನು ತೆಗೆದೂ ಇದ್ದೆ. ಹಾಕಲಿಲ್ಲ. ಆ ಗೆರೆ ಖಾಲಿಯಿದೆ. ಶುಕ್ರವಾರ ನೀನೇನು ಮಾಡಿದೆ ಎಂದು ನೋಡಲು ನಾನು ಇಲ್ಲಿರುವುದಿಲ್ಲ. ನಾಳೆ ಬೆಳಿಗ್ಗೆ ಏಳರ ಬಸ್ಸಿಗೆ ಹೊರಡುತ್ತೇನೆ.