ಎಡಗೆನ್ನೆಗೆ ಟ್ಯೂಬು, ಬಲಗೆನ್ನೆಗೆ ಮುಸಿರೋ

ಸೆಪ್ಟೆಂಬರ್ 12

ನಾನು ಮುವನಾಶಾ. ಈ ಮನೆಯ ಹಿರಿಯಳು. ನಮ್ಮಲ್ಲಿ ಮನೆ ಹೆಣ್ಣಿನದು, ಮಾತೂ ಹೆಣ್ಣಿನದು. ಗಂಡಂದಿರು ಬಂದು ಇರುತ್ತಾರೆ. ದ್ವೀಪದ ಅತಿ ಹಳೆಯ ತೂಫೂ ಕುಣಿತದ ತಂಡಕ್ಕೆ ನಾನೇ ರಾಣಿ. ಮುಂದಿನ ಸಾಲಿನಲ್ಲಿ ಯಾರು ನಿಲ್ಲಬೇಕು, ಯಾರು ಕೂಡದು—ನಾನು ಹೇಳಿದ್ದೇ ಕೊನೆ. ಇದನ್ನೆಲ್ಲ ಬರೆದಿಡುವ ಅಗತ್ಯ ಈವರೆಗೆ ಬಿದ್ದಿರಲಿಲ್ಲ. ಇವತ್ತು ಬಿತ್ತು.

ಬೆಳಿಗ್ಗೆ ಎಂದಿನಂತೆ ಕಲ್ಲಿನ ಮೇಲೆ ಮುಸಿರೋ ಮರದ ಕೊರಡು ತೇಯ್ದೆ. ಹೆಂಗಸರೆಲ್ಲ ಅಂಗಳದಲ್ಲಿ ಆ ಬಿಳಿ ಲೇಪ ಮುಖಕ್ಕೆ ಬಳಿದುಕೊಂಡು ಕುಳಿತೆವು. ಸೆಲ್ಮಾ—ನನ್ನ ಹಿರಿ ಮಗಳ ಮಗಳು—ಲೇಪದ ಬಟ್ಟಲು ಮುಟ್ಟಲಿಲ್ಲ. ಚೀಲದಿಂದ ಟ್ಯೂಬು ತೆಗೆದು ಬೆರಳಿಗೆ ಹಿಂಡಿಕೊಂಡಳು.

"ಏನೇ ಅದು?"

"ಸನ್‌ಸ್ಕ್ರೀನ್, ಅಜ್ಜಿ. ಹೆರಿಗೆ ಆದ್ಮೇಲೆ ಕೆನ್ನೆ ಮೇಲೆ ಹೆಂಗೆ ಕಪ್ಪು ಕಲೆ ಎದ್ದಿವೆ ನೋಡಿ. ಇಡೀ ದಿನ ಕೋಟೆ ಬಾಗಿಲಲ್ಲಿ ನಿಂತು ಟಿಕೆಟ್ ಹರೀಬೇಕು. ಬಿಸಿಲಿಗೆ ಇನ್ನೂ ಹೆಚ್ಚಾಗ್ತವೆ."

"ನಿನ್ನ ಮುತ್ತಜ್ಜಿ ಹಚ್ಚಿದ್ದು ನಿಂಗೆ ಸಾಲದಾಯ್ತಾ?"

"ನೀವು ದಿನಾ ಹಚ್ತೀರಲ್ಲ ಅಜ್ಜಿ. ನಿಮ್ಮ ಕೆನ್ನೆ ಮೇಲೂ ಇವೆ."

ತಂಗಿ ಸಿತಿ ಕೆಮ್ಮಿದಳು. ಅದು ಕೆಮ್ಮಲ್ಲ, ನನಗೆ ಗೊತ್ತು.

ನವೆಂಬರ್ ಕೊನೆಗೆ ಮಸೀದಿ ಬೀದಿಯ ಮದುವೆ. ಅಲ್ಲಿ ಸಾಲಿನ ನಡುಜಾಗ ಬಿಟ್ಟುಕೊಡುತ್ತೇನೆಂದು ಮೊದಲೇ ಹೇಳಿದ್ದೆ—ಮಂಡಿ ಕೇಳುವುದಿಲ್ಲ. ಅದು ಸೆಲ್ಮಾಳದೇ ಎಂದು ಎಲ್ಲರಿಗೂ ಗೊತ್ತು. ಚಿಕ್ಕಂದಿನಿಂದ ಅವಳು ಬಯಸಿದ್ದು ಅದೊಂದನ್ನೇ.

"ಅಂಗಡಿ ಮುಖ ನನ್ನ ಸಾಲಿನ ನಡುವೆ ನಿಲ್ಲೋದಿಲ್ಲ," ಎಂದೆ. "ಟ್ಯೂಬು ಬಿಡು. ಇಲ್ಲ ಜಾಗ ಬಿಡು."

"ಆಗ್ಲಿ ಅಜ್ಜಿ."

ಯಾವುದನ್ನು ಬಿಡುತ್ತಾಳೆ ಎಂದು ಹೇಳದೆ ಕೆಲಸಕ್ಕೆ ಹೋದಳು.

ಸೆಪ್ಟೆಂಬರ್ 15

ಕುಣಿತದ ಅಭ್ಯಾಸಕ್ಕೆ ಸೆಲ್ಮಾ ಬರಲಿಲ್ಲ. ಟ್ಯೂಬನ್ನಂತೂ ಬಿಟ್ಟಿಲ್ಲ.

ಸೆಪ್ಟೆಂಬರ್ 16

ಕನ್ನಡಿ. ಬೆಳಕಿಗೆ ಹಿಡಿದು ನೋಡಿದೆ. ಬಲಗೆನ್ನೆಯಲ್ಲಿ ಒಂದು ಕಲೆ, ಲವಂಗದಷ್ಟು. ಎಡಗಡೆಯದು ದೊಡ್ಡದು, ಚಹಾ ಚೆಲ್ಲಿದ ಹಾಗೆ.

ಆ ಟ್ಯೂಬಿನಲ್ಲಿ ಏನಿರಬಹುದು?

ಸೆಪ್ಟೆಂಬರ್ 19

ಸೇತುವೆ ದಾಟಿ ಆಚೆ ದಡದ ಔಷಧಿ ಅಂಗಡಿಗೆ ಹೋದೆ. ಅಲ್ಲಿ ನನ್ನ ಗುರುತಿನವರಿಲ್ಲ.

"ಮೊಮ್ಮಗಳಿಗಾ ಅಮ್ಮ?"

"ಮತ್ಯಾರಿಗೆ?"

ಬರುವಾಗ ವ್ಯಾನಿನ ಕಿಟಕಿಯಿಂದ ಡಬ್ಬಿಯನ್ನೂ ಒಳಗಿದ್ದ ಕಾಗದವನ್ನೂ ಸಮುದ್ರಕ್ಕೆ ಎಸೆದೆ. ಟ್ಯೂಬನ್ನು ಸೆರಗಿನೊಳಗೆ ಸಿಕ್ಕಿಸಿಕೊಂಡೆ.

ನಾಳೆಯಿಂದ ಎಡಗೆನ್ನೆಗೆ ಟ್ಯೂಬು, ಬಲಗೆನ್ನೆಗೆ ಮುಸಿರೋ. ಉಳಿದದ್ದೆಲ್ಲ ನಮ್ಮ ಮನೆಯ ಪದ್ಧತಿಯಂತೆಯೇ. ಬೆಳಗ್ಗೆ ಹಚ್ಚುವುದು, ನೆರಳಲ್ಲಿ ಕೂತು ಒಣಗಿಸುವುದು, ಹೊರಗೆ ಹೊರಟಾಗ ಹೊಸ್ತಿಲ ಪಕ್ಕದ ಬೋಗುಣಿಯಲ್ಲಿ ತೊಳೆಯುವುದು. ಬಿಳಿ ಮುಖದಲ್ಲೇ ಬೀದಿ ಸುತ್ತುವವರು ಸಮುದ್ರದ ಚಿಪ್ಪು ಆಯುವ ಬಡ ಹೆಂಗಸರು. ನಮ್ಮ ಮನೆಯ ಹೆಣ್ಣು ಬೀದಿಗಿಳಿದರೆ ತೊಳೆದ ಮುಖ, ಹೊಳೆಯುವ ಕೆನ್ನೆ. ನನ್ನ ತಾಯಿ ಮಾಡಿದ ಕಟ್ಟಳೆ.

ಅಕ್ಟೋಬರ್ 3

ಟ್ಯೂಬಿನದು ಹಸಿ ತೆಂಗಿನಕಾಯಿಗೆ ಔಷಧಿ ಬೆರೆಸಿದಂಥ ವಾಸನೆ. ತೊಳೆದರೆ ನೀರು ಹಾಲಿನಂತಾಗುತ್ತದೆ. ಸುಲಭಕ್ಕೆ ಹೋಗುವುದಿಲ್ಲ, ತಿಕ್ಕಬೇಕು.

ಸಿತಿಯ ಕಣ್ಣಿಗೆ ಬಿತ್ತು. "ಏನಕ್ಕಾ, ಅರ್ಧ ಮುಖಕ್ಕೇ ಹಚ್ಚಿದ್ದೀಯ? ಕೊರಡು ಮುಗೀತಾ?"

"ಹಲ್ಲುನೋವು."

"ಆ ಕಡೆ ಹಲ್ಲೇ ಇಲ್ವಲ್ಲೇ ನಿಂಗೆ!"

ಒಳಗೆ ಬಂದೆ.

ಅಕ್ಟೋಬರ್ 24

ಎರಡೂ ಕೆನ್ನೆ ಮೊದಲಿದ್ದ ಹಾಗೇ. ಅಷ್ಟೇ ಅಲ್ಲ, ಎಡಗಣ್ಣಿನ ಕೆಳಗೆ ಹೊಸದೊಂದು ಮೂಡುತ್ತಿದೆ. ಟ್ಯೂಬು ಇದ್ದ ಕಡೆಯೇ! ಮೋಸ. ಇನ್ನು ಎಲ್ಲರೆದುರೇ ಹೇಳುತ್ತೇನೆ.

ಅಕ್ಟೋಬರ್ 25

ಸೆಲ್ಮಾ ಅಭ್ಯಾಸದ ಮನೆಗೆ ಬಂದಳು. ಕುಣಿಯಲಿಕ್ಕಲ್ಲ, ತಂಡದವರು ಉಡುವ ಬಟ್ಟೆ ಹಿಂದಿರುಗಿಸಲಿಕ್ಕೆ. ಇಸ್ತ್ರಿ ಮಾಡಿ ಮಡಚಿದ್ದಳು.

"ಯಾವುದಕ್ಕೋಸ್ಕರ ಜಾಗ ಬಿಡ್ತಿದ್ದೀಯೋ ಅದು ಶುದ್ಧ ಮೋಸ," ಎಂದೆ. "ನಾನೇ ತಿಂಗಳಿಡೀ ಹಚ್ಚಿ ನೋಡಿದ್ದೀನಿ."

"ಅಜ್ಜಿ! ನೀವಾ?" ಕಣ್ಣರಳಿಸಿದಳು. ಆಮೇಲೆ ಮೆಲ್ಲಗೆ, "ಹೊರಗೆ ಹೋಗೋವಾಗ ಏನು ಮಾಡ್ತಿದ್ರಿ?"

"ತೊಳೀತಿದ್ದೆ. ಮರ್ಯಾದಸ್ಥರ ಮನೆ ನಮ್ಮದು."

ಮುಖ ಮುಚ್ಚಿಕೊಂಡಳು. ಭುಜ ಅಲುಗುತ್ತಿತ್ತು. ಅಳುತ್ತಿದ್ದಾಳೆ ಅಂದುಕೊಂಡೆ.

"ಅಜ್ಜೀ... ಮನೆಯೊಳಗೆ ಕೊಡೆ ಬಿಚ್ಚಿ ಕೂತು, ಮಳೆಗೆ ಹೋಗೋವಾಗ ಮಡಚಿಟ್ಟ ಹಾಗಾಯ್ತಲ್ಲ! ಅದು ಬಿಸಿಲಲ್ಲಿ ಮುಖದ ಮೇಲಿರ್ಬೇಕು."

ಮೊದಲು ನಕ್ಕವಳು ಸಿತಿ. ಆಮೇಲೆ ಇಡೀ ತಂಡ. ತಮಟೆಯವಳು ತಮಟೆಯ ಮೇಲೇ ಬಿದ್ದುಕೊಂಡು ನಕ್ಕಳು. ಎದ್ದು ಬಂದೆ.

ನವೆಂಬರ್ 4

ಇಷ್ಟು ದಿನ ಬರೆಯಲಿಲ್ಲ. ಅಭ್ಯಾಸಕ್ಕೂ ಹೋಗಲಿಲ್ಲ.

ಸಿಟ್ಟು ಇಳಿಯಿತು. ಪ್ರಶ್ನೆ ಇಳಿಯಲಿಲ್ಲ. ಟ್ಯೂಬಿಗೆ ಆ ಕೊಡೆಯ ಮಾತು ಸರಿಯಾದರೆ... ಮುಸಿರೋಗೆ?

ಇಳಿತದ ಹೊತ್ತಿಗೆ ದಡಕ್ಕೆ ಹೋದೆ. ಚಿಪ್ಪು ಆಯುವ ಹೆಂಗಸರು ಮೊಣಕಾಲು ನೀರಿನಲ್ಲಿ ಬಗ್ಗಿದ್ದರು, ಎಲ್ಲರದೂ ಬಿಳಿ ಮುಖ. ಅವರಲ್ಲೊಬ್ಬಳು, ಮುವಾಜುಮಾ, ಬುಟ್ಟಿ ಹೊತ್ತು ಬಂದು ನಲ್ಲಿಯ ಕೆಳಗೆ ಮುಖ ತೊಳೆದಳು. ನನಗಿಂತ ದೊಡ್ಡವಳು. ಹುಟ್ಟಿದಾಗಿನಿಂದ ಬಿಸಿಲಲ್ಲೇ ಇರುವವಳು. ಕೆನ್ನೆ ನೋಡಿದೆ. ನುಣುಪು. ಕಲೆ ಇಲ್ಲ! ಮೂಗಿನ ತುದಿ ಮಾತ್ರ ಕಪ್ಪು.

"ಏನು ರಾಣಿಯಮ್ಮ, ನನ್ನ ಮುಖದ ಮೇಲೆ ಏಡಿ ಕೂತಿದೆಯಾ?"

"ಮೂಗು ಮಾತ್ರ ಯಾಕೆ ಕಪ್ಪಾಗಿದೆ?"

"ಬೆವರು ಒರೆಸ್ತೀನಲ್ಲ. ಅಲ್ಲಿ ಮುಸಿರೋ ನಿಲ್ಲೋದೇ ಇಲ್ಲ."

ನಾವು ನೆರಳಲ್ಲಿ ಬಳಿದುಕೊಂಡು ಕೂತೆವು, ಬಿಸಿಲಿಗೆ ಬರಿಮುಖದಲ್ಲಿ ಹೋದೆವು. ಅವರ ಹಾಗೆ ಕಾಣಬಾರದೆಂದು.

ನವೆಂಬರ್ 6

ಸೆಲ್ಮಾ ಮಗುವಿಗೆ ಸ್ನಾನ ಮಾಡಿಸುವಾಗ ಅವಳ ಟ್ಯೂಬಿನ ಡಬ್ಬಿ ತೆಗೆದು ಭೂತಕನ್ನಡಿ ಹಿಡಿದೆ. ಬರೆದದ್ದು ಪೋರ್ಚುಗೀಸ್; ಅದು ನನಗೆ ಚೆನ್ನಾಗಿ ಬರುತ್ತದೆ, ಅಕ್ಷರ ಮಾತ್ರ ಇರುವೆಯಷ್ಟು. ಹೊರಗೆ ಹೋಗುವ ಮುನ್ನ ಹಚ್ಚಿ. ಬಿಸಿಲಲ್ಲಿದ್ದರೆ ಕೆಲವು ಗಂಟೆಗೊಮ್ಮೆ ಮತ್ತೆ ಹಚ್ಚಿ. ಬೆವರು ಒರೆಸಿದ ಮೇಲೂ ಹಚ್ಚಿ. ಇರುವ ಕಲೆ ಅಳಿಯುತ್ತದೆ ಎಂದು ಎಲ್ಲೂ ಇಲ್ಲ.

"ಜೋರಾಗಿ ಓದಿ ಅಜ್ಜಿ." ಬಾಗಿಲಲ್ಲಿ ನಿಂತಿದ್ದಳು, ಒದ್ದೆ ಮಗು ಸೊಂಟದ ಮೇಲೆ.

"ಇರೋದನ್ನ ಇದು ಅಳಿಸಲ್ವಾ?"

"ಇಲ್ಲ. ಇನ್ನೂ ಕಪ್ಪಾಗದ ಹಾಗೆ, ಹೊಸದು ಬರದ ಹಾಗೆ ಕಾಯುತ್ತೆ. ಅಷ್ಟೇ."

"ಮತ್ತೆ ಈ ವಯಸ್ಸಲ್ಲಿ ನಂಗೇನು ಉಪಯೋಗ?"

"ನೀವು ಅಷ್ಟು ಬೇಗ ಹೋಗೋರಾ? ಇನ್ನೂ ನಮ್ಮನ್ನೆಲ್ಲ ಆಳ್ಬೇಕಲ್ಲ."

ಬೈಯಬೇಕಿತ್ತು. ಮಗುವನ್ನು ಎತ್ತಿಕೊಂಡೆ.

ನವೆಂಬರ್ 28

ಮದುವೆ ಮುಗಿಯಿತು.

ಬೆಳಿಗ್ಗೆ ಆ ಮಡಚಿದ ಬಟ್ಟೆಯನ್ನು ಸೆಲ್ಮಾಳ ಮಡಿಲಿಗೆ ಹಾಕಿದೆ. ತಲೆವಸ್ತ್ರ ನಾನೇ ಕಟ್ಟಿದೆ. ಅವಳು ಮುಸಿರೋ ಬಟ್ಟಲಿಗೆ ಕೈ ಹಾಕಿದಳು. ಬೇಡ ಎಂದೆ. "ನಿಂದು ಯಾವುದೋ ಅದನ್ನೇ ಹಚ್ಕೋ. ಬೇಗ."

ನಾನು ಮುಸಿರೋ ಹಚ್ಚಿಕೊಂಡೆ. ದಪ್ಪಗೆ, ಮೂಗಿಗೂ. ತೊಳೆಯದೆ ಹೊಸ್ತಿಲು ದಾಟಿದೆ. ಹಿಂದಿನಿಂದ ಸಿತಿ, "ಅಕ್ಕಾ, ಮುಖ! ಮುಖ!" ಅಂದಳು. ತಿರುಗಲಿಲ್ಲ. ಬೀದಿಯುದ್ದಕ್ಕೂ ಬಿಳಿ ಮುಖದಲ್ಲೇ ನಡೆದೆ. ಚಿಪ್ಪಿನ ಹೆಂಗಸರು ಗೋಡೆಯ ಪಕ್ಕ ನಿಂತಿದ್ದರು. ಮುವಾಜುಮಾ ನಾಲಿಗೆ ಹೊರಳಿಸಿ ಕೇಕೆ ಹಾಕಿದಳು.

ನನ್ನನ್ನು ನೋಡಿ ತಂಡದವರೂ ತೊಳೆದಿರಲಿಲ್ಲ; ಸಾಲು ಎದ್ದಾಗ ಎಲ್ಲರದೂ ಬಿಳಿ ಮುಖ, ನಡುವೆ ಸೆಲ್ಮಾಳದೊಂದೇ ಬರಿಮುಖ, ಬಿಸಿಲಿಗೆ ಮಿನುಗುತ್ತಿತ್ತು. ಕಲೆಗಳೂ ಕಾಣುತ್ತಿದ್ದವು. ಚೆನ್ನಾಗಿ ಕುಣಿದಳು. ನನ್ನಷ್ಟಲ್ಲ.

ಮನೆಗೆ ಬಂದು ಹೊಸ್ತಿಲ ಬೋಗುಣಿ ಎತ್ತಿ ಹಿತ್ತಲಲ್ಲಿ ಇಟ್ಟೆ. ಈಗ ಅದರಲ್ಲಿ ಕೋಳಿಗಳು ನೀರು ಕುಡಿಯುತ್ತಿವೆ. ಯಾಕೆಂದು ಯಾರೂ ಕೇಳಲಿಲ್ಲ. ಕೇಳುವ ಧೈರ್ಯ ಯಾರಿಗಿದೆ? ಸೆಲ್ಮಾ ಮಾತ್ರ ಕೋಳಿಗಳನ್ನು ನೋಡಿ, ನನ್ನನ್ನು ನೋಡಿ, "ಇನ್ನು ಕೊಡೆ ಮಡಚೋದಿಲ್ಲ ಅಲ್ವಾ ಅಜ್ಜಿ?" ಎಂದು ನಕ್ಕಳು.