ಮೀನು ಮಾರುಕಟ್ಟೆಯ ಹದಿನೇಳನೇ ಜಾಗದ ಬಗ್ಗೆ

ಮಾನ್ಯ ಮಾರುಕಟ್ಟೆ ಅಧಿಕಾರಿಗಳೇ,

ಕಾರವಾರದಲ್ಲಿ ನಾವು ಮೀನು ಮಾರುವ ಸಾಲಿನ ಹದಿನೇಳನೇ ಜಾಗವನ್ನು ನಿಮ್ಮ ಪಟ್ಟಿಯಿಂದ ಹೊಡೆದುಹಾಕಿದ್ದೀರಿ. ಅದರ ಜೊತೆಗೆ ನನ್ನ ನಿವೃತ್ತಿಯೂ ಹೋಯಿತು. ನನಗೆ ಸಿಟ್ಟು ಬಂದಿದೆ. ಇಂಥದ್ದನ್ನೆಲ್ಲ ಅರ್ಜಿಯಲ್ಲಿ ಬರೆಯಬಾರದೆಂದು ನಿಮ್ಮ ಗುಮಾಸ್ತರು ಬುದ್ಧಿ ಹೇಳಿದರು, ಹಾಗಾಗಿ ಪತ್ರಿಕೆಗೇ ಬರೆಯುತ್ತಿದ್ದೇನೆ.

ಕಳೆದ ವರ್ಷ ನೀವು ನಮ್ಮ ಸ್ವಸಹಾಯ ಸಂಘಕ್ಕೆ ಬಂದು, ದುಬಾರಿ ಊರಿನಲ್ಲಿದ್ದುಕೊಂಡೇ ಬೇಗ ನಿವೃತ್ತರಾಗುವುದು ಹೇಗೆಂದು ಒಂದೂವರೆ ತಾಸು ಉಪನ್ಯಾಸ ಕೊಟ್ಟಿರಿ. ಸಂಬಳದ ಮೂರನೇ ಒಂದು ಪಾಲು ತೆಗೆದಿಡಿ ಎಂದಿರಿ. ಯಾರ ಸಂಬಳ ಎಂದು ಹಿಂದಿನ ಸಾಲಿನಿಂದ ಒಬ್ಬಳು ಕೇಳಿದಾಗ ನಕ್ಕುಬಿಟ್ಟಿರಿ. ನೀವೇ ಐವತ್ತಕ್ಕೆ ಸ್ವಯಂ ನಿವೃತ್ತಿ ಪಡೆಯಲಿದ್ದೀರಿ, ಎಲ್ಲವನ್ನೂ ಮೊದಲೇ ಯೋಜಿಸಿದ್ದೀರಿ ಎಂದು ಹೆಮ್ಮೆಯಿಂದ ಹೇಳಿಕೊಂಡಿರಿ. ನಾವು ಚಪ್ಪಾಳೆ ತಟ್ಟಿದೆವು. ಯೋಜನೆ ನಮಗೂ ಇತ್ತು ಸ್ವಾಮಿ, ನೀವು ಕೇಳಲಿಲ್ಲ ಅಷ್ಟೆ.

ನಮ್ಮ ಸಾಲಿನ ಪದ್ಧತಿ ಹೀಗಿದೆ. ಕೂರಲು ಆಗದವಳು ತನ್ನ ಜಾಗವನ್ನೂ ಮೀನು ಕೊಯ್ಯುವ ಮೆಟ್ಟುಗತ್ತಿಯನ್ನೂ ಕಿರಿಯವಳೊಬ್ಬಳಿಗೆ ಬಿಟ್ಟುಕೊಡುತ್ತಾಳೆ. ನೂಲು ಹುಣ್ಣಿಮೆಗೆ ಕಡಲಿಗೆ ಕಾಯಿ ಬಿಟ್ಟ ಮರುದಿನ, ಎಲ್ಲರೆದುರಿಗೆ. ಪಡೆದವಳು ಕೊಟ್ಟವಳಿಗೆ ಅವಳ ಉಸಿರಿರುವ ತನಕ ದಿನಾ ಒಂದು ಹೊತ್ತಿನ ಸಾರಿಗಾಗುವಷ್ಟು ಮೀನು, ವಾರಕ್ಕೊಮ್ಮೆ ಗಳಿಕೆಯಲ್ಲೊಂದು ಪಾಲು ಮುಟ್ಟಿಸಬೇಕು. ನನ್ನ ಅತ್ತೆ ದುರ್ಗಿ ಐವತ್ತೆರಡಕ್ಕೆ ಎದ್ದು ನನ್ನನ್ನು ಕೂರಿಸಿದರು. "ಈ ಜಾಗ ನಂದೂ ಅಲ್ಲ, ನಿಂದೂ ಅಲ್ಲ. ಎದ್ದವ್ರಿಗೆ ಉಣ್ಣೂಕೆ ಕೊಡ್ತೆ ಅಂದ್ರೆ ಕೂತ್ಕ, ಇಲ್ದಿದ್ರೆ ಈಗ್ಲೇ ಹೇಳು" ಎಂದರು. ಅವರು ಕಣ್ಣು ಮುಚ್ಚುವ ತನಕ ಹತ್ತೊಂಬತ್ತು ವರ್ಷ ಕೊಟ್ಟೆ. ಮಳೆಗಾಲದಲ್ಲಿ ದೋಣಿ ಇಳಿಯದಿದ್ದಾಗ ಒಣಮೀನು ಕೊಟ್ಟೆ. ಸಹಿಯಿಲ್ಲ, ಸೀಲಿಲ್ಲ, ಅವರು ಒಂದು ದಿನವೂ ಯಾರ ಬಾಗಿಲಿಗೂ ಹೋಗಿ ನಿಲ್ಲಲಿಲ್ಲ.

ಈಗ ನನಗೆ ನಲವತ್ತೊಂಬತ್ತು. ಇಪ್ಪತ್ತೈದು ವರ್ಷ ಬರ್ಫದ ನೀರಿನಲ್ಲಿ ಆಡಿದ ಬೆರಳುಗಳು ಬೆಳಿಗ್ಗೆ ಮಡಚುವುದಿಲ್ಲ, ಕೂತರೆ ಮಂಡಿ ಏಳಗೊಡುವುದಿಲ್ಲ. ನಾವಿರುವುದು ಒಂದೂವರೆ ಕೋಣೆಯ ಬಾಡಿಗೆ ಮನೆ. "ನೇವಿಯವ್ರಿಗೆ ಕೊಟ್ರೆ ನಂಗೆ ಡಬಲ್ ಬತ್ತದೆ, ನಿಮ್ಮ ಮುಖ ನೋಡ್ಕಂಡು ಸುಮ್ನಿದ್ದೆ" ಎಂದು ಮಾಲೀಕರು ಪ್ರತಿ ತಿಂಗಳೂ ನೆನಪಿಸುತ್ತಾರೆ. ಅದಕ್ಕೇ ಈ ದುಬಾರಿ ಊರು ಬಿಟ್ಟು ಅಂಕೋಲೆಯ ಹತ್ತಿರ ಬೊಬ್ರುವಾಡದಲ್ಲಿ ನನ್ನ ಅಣ್ಣನ ಹಿತ್ತಲ ಮನೆಗೆ ಗಂಡನ ಜೊತೆ ಹೋಗುವುದೆಂದು ಠರಾಯಿಸಿದ್ದೆ. ಜಾಗವನ್ನು ನೆರೆಮನೆಯ ಸೊಸೆ ಮಾನಸಾಳಿಗೆ ಕೊಟ್ಟೆ. "ನೀ ಹೆದರ್ಬೇಡ ಲತಕ್ಕಾ, ದಿನಾ ಅಂಕೋಲೆ ಬಸ್ಸಿಗೆ ಡಬ್ಬಿ ಕಳಸ್ತೆ" ಎಂದಳು. ಖರ್ಚು ಕಡಿಮೆ ಇರುವಲ್ಲಿಗೆ ಹೋಗಿ ಎಂದು ನೀವೂ ಅಂದಿರಲ್ಲವೇ?

ಅದರ ಮುಂದಿನ ವಾರವೇ, ಮೀನು ಮಾರಲೆಂದು ಕಟ್ಟಿಸಿದ ಹೊಸ ಕಟ್ಟೆಗಳಿಗೆ ಗುರುತಿನ ಚೀಟಿ ಕೊಡಲು ನಿಮ್ಮವರು ಪಟ್ಟಿ ಹಿಡಿದು ಬಂದರು. ಇಲ್ಲಿ ಕೂರುವವರು ಯಾರೆಂದು ಕೇಳಿದರು. ಮಾನಸಾಳಿಗೆ ಗಿರಾಕಿಗಳ ಪರಿಚಯ ಮಾಡಿಸುತ್ತ ನಾನೂ ಪಕ್ಕದಲ್ಲೇ ಇದ್ದೆ. ಸುಮ್ಮನೆ ನನ್ನ ಹೆಸರು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಎಲ್ಲರೆದುರು ಕೊಟ್ಟ ಜಾಗವನ್ನು ನನ್ನದೆಂದು ಹೇಳಲು ನಾಲಿಗೆ ಬರಲಿಲ್ಲ. "ನಾ ಬಿಟ್ಟೆ ಸಾರ್, ಇವ್ಳಿಗೆ ಕೊಟ್ಟಾಯ್ತು" ಎಂದೆ. ಬರೆದುಕೊಂಡರು. ಪಟ್ಟಿ ಅಂಟಿಸಿದಾಗ ನೋಡಿದರೆ ನಾನು ಜಾಗ ತ್ಯಜಿಸಿದವಳು, ಮಾನಸಾ ಅತಿಕ್ರಮಣ ಮಾಡಿದವಳು. ಚೀಟಿ ಇಬ್ಬರಿಗೂ ಇಲ್ಲ.

ನಿಮ್ಮ ಕಚೇರಿಗೆ ನಾಲ್ಕು ಸಲ ಅಲೆದೆ. ಐದನೇ ಸಲ ಸಿಕ್ಕಿದಿರಿ. "ನೋಡಮ್ಮ, ನೀವೇ ಬಿಟ್ಟೆ ಅಂದಿದ್ದೀರಿ. ಬಿಟ್ಟ ಮೇಲೆ ಅದರ ಮೇಲೆ ನಿಮಗೇನು ಹಕ್ಕು?" ಎಂದಿರಿ. ಮೆಟ್ಟಿಲು ಇಳಿಯುವಾಗ ಅಳು ಬಂತು, ಅದೂ ಸಿಟ್ಟಿನದೇ. ಉತ್ತರ ಈಗ ಕೊಡುತ್ತೇನೆ.

ಮುಂದಿನ ವರ್ಷ ನೀವು ಕುರ್ಚಿ ಬಿಡುತ್ತೀರಿ. ಬಿಟ್ಟ ಮೇಲೆ ನಿಮಗೇನು ಹಕ್ಕು ಎಂದು ಖಜಾನೆಯವರು ನಿಮ್ಮ ಪಿಂಚಣಿ ನಿಲ್ಲಿಸುತ್ತಾರೆಯೇ? ನಿಮ್ಮ ಕುರ್ಚಿಯಲ್ಲಿ ಕೂರಲು ಬಂದವರನ್ನು ಅತಿಕ್ರಮಣ ಎಂದು ಎಬ್ಬಿಸುತ್ತಾರೆಯೇ? ನೀವು ದುಡಿದು ಎದ್ದರೆ ಸ್ವಯಂ ನಿವೃತ್ತಿ, ನಾವು ದುಡಿದು ಎದ್ದರೆ ತ್ಯಾಗವೇ? ಸರ್ಕಾರದ ಒಂದು ಪೈಸೆಯೂ ಇಲ್ಲದೆ ನಾವು ನಡೆಸಿಕೊಂಡು ಬಂದ ಪಿಂಚಣಿಯನ್ನು ಕೆಡಿಸಲು ನಿಮಗೆ ಬೇಕಾದದ್ದು ಒಂದೇ ಗೀಟು. ಇನ್ನೂ ಹೇಸಿಗೆಯ ಸಂಗತಿ ಹೇಳಲೇ? ಇದನ್ನು ನೋಡಿ ಸಾಲಿನ ಉಳಿದ ಮುದುಕಿಯರು ಮಂಡಿ ಹಿಡಿದುಕೊಂಡೇ ಬಂದು ಕೂರುತ್ತಿದ್ದಾರೆ. ಎದ್ದರೆ ಉಪವಾಸವೆಂದು ಅವರಿಗೆ ಗೊತ್ತಾಗಿದೆ.

ನನಗೆ ಕರುಣೆ ಬೇಡ, ಪರಿಹಾರದ ಚೆಕ್ಕೂ ಬೇಡ. ಹದಿನೇಳನೇ ಜಾಗಕ್ಕೆ ಮಾನಸಾಳ ಹೆಸರು ಬರೆಯಿರಿ. ಎದ್ದವಳು ತಾನು ಸೂಚಿಸಿದವಳಿಗೆ ಜಾಗ ಕೊಡಬಹುದೆಂಬ ಸಾಲೊಂದನ್ನು ನಿಮ್ಮ ನಿಯಮದಲ್ಲಿ ಸೇರಿಸಿರಿ. ಅಲ್ಲಿಯ ತನಕ ನಾನು ಬೊಬ್ರುವಾಡಕ್ಕೆ ಹೋಗುವುದಿಲ್ಲ. ಸೋಮವಾರದಿಂದ ಅದೇ ಜಾಗದಲ್ಲಿ ಮಾನಸಾ ಮೀನು ಕೊಯ್ಯುತ್ತಾಳೆ, ನಾನು ಅವಳ ಮುಂದೆ ಅಡ್ಡ ಕೂರುತ್ತೇನೆ. ಅವಳನ್ನು ಎಬ್ಬಿಸಬೇಕಾದರೆ ಮೊದಲು ನನ್ನನ್ನು ಎತ್ತಬೇಕು. ನನ್ನ ಮಂಡಿ ಈಗ ತಾನಾಗಿ ಏಳುವುದಿಲ್ಲ, ಜನ ಹೆಚ್ಚು ಕರೆತನ್ನಿ.

ಇಂತಿ,
ನಿಮ್ಮ ಪಟ್ಟಿಯ ಪ್ರಕಾರ ಇಲ್ಲದವಳು,
ಲತಾ, ಮೀನು ಮಾರುವವಳು
ಕಾರವಾರ