ಎಡಗಡೆಯ ಗುಳಿ

ಕಡ್ಡಿ,

ಹೆಸರು ಹಿಡಿದು ನಿನ್ನನ್ನು ನಾನು ಎಂದೂ ಕರೆದವಳಲ್ಲ, ಕಾಗದದಲ್ಲೂ ಅದು ಬರುತ್ತಿಲ್ಲ. ನೀನು ಹೋಗಿ ಹನ್ನೊಂದು ತಿಂಗಳಾಯಿತು. ಗಂಟೆಗೆ ಇನ್ನೂರು ಕಿಲೋಮೀಟರ್ ವೇಗದಲ್ಲಿ ಬೈಕು ಓಡಿಸಿಯೂ ಮೈಮೇಲೆ ಒಂದು ಗೀರು ಮಾಡಿಕೊಳ್ಳದ ನನ್ನ ತಮ್ಮ ಒಂದು ವಾರದ ಜ್ವರಕ್ಕೆ ಸೋತೆ. ಇಷ್ಟು ದಿನ ನಿನ್ನ ಬಗ್ಗೆ ಡೈರಿಯಲ್ಲಿ ಬರೆಯುತ್ತಿದ್ದೆ. ಇವತ್ತು ನಿನಗೇ ಬರೆಯುತ್ತಿದ್ದೇನೆ. ನಿನ್ನ ಒಂದು ಮಾತು ನಿಜವೋ ಸುಳ್ಳೋ ಎಂದು ಟೇಪು ಹಿಡಿದು ಅಳೆದು ಬಂದಿದ್ದೇನೆ.

ಬೇಜಾರು ಮಾಡಿಕೊಳ್ಳಬೇಡ. ನನ್ನ ಸಲುವಾಗಿ ಸುಳ್ಳು ಹೇಳುವುದರಲ್ಲಿ ನೀನು ಪಳಗಿದವನು. ಎಂಟು ವರ್ಷದವನಿದ್ದಾಗ ನೀನು ಅಟ್ಟ ಹತ್ತಿದ್ದೆ. ತಮಾಷೆಗೆಂದು ನಾನು ಏಣಿ ತೆಗೆದೆ. ನೀನು ಹಾರಿದೆ. ಎಡ ಮೊಣಕಾಲು ಮತ್ತೆ ಪೂರ್ತಿ ಮಡಚಲಿಲ್ಲ. ಅಮ್ಮ ಕೇಳಿದ್ದಕ್ಕೆ "ಕಾಲು ಜಾರ್ತು" ಎಂದೆ. ಅಮ್ಮ ಇರುವವರೆಗೂ ಅದನ್ನೇ ಹೇಳಿದೆ.

ಹಾಗಾಗಿ ಆ ಬೈಕಿನ ಕಥೆಯನ್ನೂ ನಾನು ಅರ್ಧ ಮಾತ್ರ ನಂಬಿದ್ದೆ. ಕಥೆಯ ಮೊದಲ ಭಾಗ ಎಲ್ಲರಿಗೂ ಗೊತ್ತಿದ್ದದ್ದೇ. ಅಲ್ಲಿಯವರೆಗೆ ನೀನು ಟೆಸ್ಟ್ ಸವಾರನಾಗಿದ್ದ ಕಾರ್ಖಾನೆಯವರು ಆಫೀಸಿಗೆ ಹೋಗುವವರ ಬೈಕು ಮಾಡುತ್ತಿದ್ದರು, ಅದನ್ನೇ ಬಿಚ್ಚಿ, ಕೆರೆದು ರೇಸಿಗೂ ಕಳಿಸುತ್ತಿದ್ದರು. ಇಡೀ ದಿನ ನಡೆಯುವ ದೊಡ್ಡ ಓಟ ಗೆದ್ದ ವರ್ಷ ದೊಡ್ಡ ಎಂಜಿನಿಯರಿಗೆ ಉಲ್ಟಾ ಯೋಚನೆ ಬಂತು: ರೇಸಿನ ಬೈಕನ್ನೇ ಮೊದಲು ಮಾಡಿ, ಅದಕ್ಕೆ ದೀಪ, ಹಾರ್ನು, ಕನ್ನಡಿ ಸಿಕ್ಕಿಸಿ ರಸ್ತೆಗೆ ಬಿಟ್ಟರೆ ಹೇಗೆ? ಕಬ್ಬಿಣದ ಚೌಕಟ್ಟು ಹೋಗಿ ಅಲ್ಯೂಮಿನಿಯಂ ಬಂತು. ಒಂದೊಂದು ಬೋಲ್ಟೂ ತಕ್ಕಡಿ ಹತ್ತಿತು. "ಊಟದ ಡಬ್ಬಿ ಒಳಗೆ ತಗೊಂಡು ಹೋಗೋಕೂ ಭಯ ಅಕ್ಕ, ಭಾರ ಕಮ್ಮಿ ಮಾಡ್ತೀವಿ ಅಂತ ಅದಕ್ಕೂ ತೂತು ಕೊರೀತಾರೆ" ಎಂದು ನೀನು ನಗುತ್ತಿದ್ದೆ.

ಪೆಟ್ರೋಲ್ ಟ್ಯಾಂಕಿನ ಭಾಗ ಮಾತ್ರ ನಿನ್ನದು. ಮಾದರಿ ಮಾಡುವ ಮುದುಕ ಜೇಡಿಮಣ್ಣಿನಲ್ಲಿ ಟ್ಯಾಂಕು ಮೆತ್ತಿ, ರೇಸಿನವರ ಹಾಗೆ ಬಗ್ಗಿ ಕೂರಲು ಒಬ್ಬನನ್ನು ಹುಡುಕಿದ. ಟೆಸ್ಟ್ ಓಡಿಸುವವರಲ್ಲಿ ರೇಸಿನ ಸವಾರನಷ್ಟು ಗಿಡ್ಡ, ಅವನಷ್ಟು ಸಣಕಲ ನೀನೊಬ್ಬನೇ. ಎರಡು ದಿನ ಕೂತೆ. ನಿನ್ನ ಮಂಡಿ ಒತ್ತಿದಲ್ಲೆಲ್ಲ ಅವನು ಮಣ್ಣು ಕೆರೆದ. ಒಂದು ಬದಿ ಮಾಡಿಕೊಂಡು ಅದರ ಅಳತೆಗೇ ಇನ್ನೊಂದನ್ನು ತಿದ್ದುವುದು ರೂಢಿಯಂತೆ. ಪ್ರದರ್ಶನದ ದಿನ ತಲೆಮೇಲೆ ಬಂದಿತ್ತು. ಆ ಸಲ ತಿದ್ದಲಿಲ್ಲ. ಎಡಗಡೆಯ ಗುಳಿ ಬಲಗಡೆಯದಕ್ಕಿಂತ ಒಂದು ಬೆರಳು ಕೆಳಗೇ ಉಳಿಯಿತು. ಇನ್ನೂರು ಟ್ಯಾಂಕು ಹೊರಗೆ ಹೋದ ಮೇಲೆ ತಪಾಸಣೆಯವರಿಗೆ ಎಚ್ಚರವಾಯಿತು. "ನೀನು ಕೆಡಿಸಿದ ಕಾಲು ಈಗ ಇನ್ನೂರು ಬೈಕಲ್ಲಿ ಓಡಾಡ್ತಿದೆ ಕಣೇ ಅಕ್ಕ" ಎಂದೆ. ಆಮೇಲೆ, "ಅದರ ಮೇಲೆ ಕೂತಾಗ ಮಾತ್ರ ಕಾಲು ನೋಯಲ್ಲ" ಎಂದೆ.

ನನಗೆ ಬೇಕಾಗಿದ್ದದ್ದು ಆ ಎರಡನೆಯ ಮಾತು. ಮೊದಲನೆಯದು ಕಟ್ಟುಕಥೆಯಾದರೆ ಅದೂ ನನ್ನ ಸಮಾಧಾನಕ್ಕೆ ಹೇಳಿದ್ದೇ. ನೀನು ಹೋದ ಮೇಲೆ ಬೀದಿಯಲ್ಲಿ ಆ ಬೈಕು ಕಂಡಲ್ಲೆಲ್ಲ ನಿಂತು ಬಗ್ಗಿ ನೋಡಿದೆ. ಎಲ್ಲವೂ ಆಮೇಲಿನವು, ಗುಳಿಗಳು ಸಮ. ಒಬ್ಬ ಸವಾರ "ಏನಮ್ಮ, ಒಂದು ರೌಂಡ್ ಹೋಗ್ತೀರಾ?" ಎಂದು ಕೇಳಿಯೂ ಕೇಳಿದ.

ಇವತ್ತು ಬೆಳಿಗ್ಗೆ ನಮ್ಮ ಬೀದಿಯ ಮೆಕ್ಯಾನಿಕ್ ನನ್ನ ಹೊಲಿಗೆ ಅಂಗಡಿಗೆ ಹರಿದ ಸೀಟು ಕವರು ತಂದ. ಯಾವ ಬೈಕಿನದು ಎಂದು ಕೇಳಿದೆ. "ಹಳೇ ರೇಸ್ ಬೈಕಮ್ಮ, ಮೊದಲ ವರ್ಷದ್ದು. ಹಲ್ಲಿನ ಡಾಕ್ಟರದ್ದು. ಟ್ಯಾಂಕ್ ಒಂದು ಕಡೆ ಸೊಟ್ಟ, ಯಾರೋ ಬಿದ್ದು ನಗ್ಗಿಸಿದ್ದಾರೆ. ಬಡಿದು ಸಮ ಮಾಡ್ಬೇಕು." ಸೂಜಿಯನ್ನು ಬಟ್ಟೆಯಲ್ಲೇ ಚುಚ್ಚಿಟ್ಟು ಅವನ ಹಿಂದೆ ಓಡಿದೆ.

ಟೇಪು ಇಟ್ಟೆ. ಮೇಲಂಚಿನಿಂದ ಬಲ ಗುಳಿ ಮೂರೂವರೆ ಇಂಚು, ಎಡದ್ದು ನಾಲ್ಕೂಕಾಲು. ನಂಬಿಕೆಯಾಗದೆ ಮತ್ತೆ ಅಳೆದೆ. ನಗ್ಗಿದ ತಗಡಿಗೆ ಮಡಿಕೆ ಇರುತ್ತದೆ. ಇದು ನಯವಾಗಿತ್ತು, ಸ್ವಲ್ಪ ಹೊರಬದಿಗೆ ವಾಲಿತ್ತು. ನಿನ್ನ ಪ್ಯಾಂಟು ಸವೆಯುತ್ತಿದ್ದದ್ದೂ ಅಲ್ಲೇ. ಮೂವತ್ತು ವರ್ಷ ಅದಕ್ಕೆ ತೇಪೆ ಹಾಕಿದ ಕೈ ನನ್ನದು, ಅದಕ್ಕೆ ಗುರುತು ಹತ್ತಿತು.

"ಇದು ನಗ್ಗಿದ್ದಲ್ಲಪ್ಪ, ನನ್ನ ತಮ್ಮನ ಮೊಣಕಾಲು" ಎಂದೆ. ಮೆಕ್ಯಾನಿಕ್ ಸುತ್ತಿಗೆ ಕೆಳಗಿಟ್ಟು, ನೀರು ಕುಡೀತೀರಾ ಎಂದು ಕೇಳಿದ.

ಅಷ್ಟರಲ್ಲಿ ಡಾಕ್ಟರೂ ಬಂದರು. ಎಲ್ಲ ಹೇಳಿದೆ. ಏಣಿಯ ವಿಷಯವನ್ನೂ. ಅಮ್ಮನಿಗೆ ಹೇಳದೆ ಉಳಿಸಿಕೊಂಡಿದ್ದನ್ನು ಎಣ್ಣೆ ಡಬ್ಬಗಳ ನಡುವೆ ನಿಂತು ಹೊರಗಿನವರಿಬ್ಬರಿಗೆ ಹೇಳಿಬಿಟ್ಟೆ. ಡಾಕ್ಟರು ಎಡ ಗುಳಿಗೆ ತಮ್ಮ ಮಂಡಿ ಒತ್ತಿ ನೋಡಿದರು.

"ಆರು ವರ್ಷದಿಂದ ಈ ಗಾಡಿ ಹತ್ತಿ ಇಳಿದ್ರೆ ಎಡಮಂಡಿ ನೋವು. ಎರಡು ಸಲ ಎಕ್ಸ್‌ರೇ ತೆಗೆಸಿದೆ. ಅಂದ್ರೆ ತಪ್ಪು ನನ್ನ ಕಾಲಿಂದಲ್ಲ" ಎಂದರು.

"ಹಲ್ಲು ಕೀಳಿಸ್ಕೊಂಡವರ ಶಾಪ ಅಂದ್ಕೊಂಡಿದ್ದೆ ಸಾರ್" ಎಂದ ಮೆಕ್ಯಾನಿಕ್. ಮೂವರೂ ನಕ್ಕೆವು. ಆಮೇಲೆ ಡಾಕ್ಟರು, "ನೀವು ಹೂಂ ಅಂದ್ರೆ ಹಾಗೇ ಬಿಡ್ತೀನಮ್ಮ" ಎಂದರು.

ಬಿಡಿ ಎನ್ನಲು ಬಾಯಿ ತೆರೆದಿದ್ದೆ. ಆಗ ಹೊಳೆಯಿತು. ಸರಿಯಿರುವ ಮೊಣಕಾಲು ಆ ಗುಳಿಯಲ್ಲಿ ನೋಯುತ್ತದೆ ಎಂದರೆ ನಿನ್ನದು ಅಲ್ಲಿ ನೋಯುತ್ತಿರಲಿಲ್ಲ. ದಿನಕ್ಕೆ ಕೆಲವು ಗಂಟೆಯಾದರೂ ನಿನ್ನ ಕಾಲಿಗೆ ಒಂದು ಜಾಗವಿತ್ತು. ನೀನು ನನಗೆ ಹೇಳಿದ್ದು ನಿಜ. ಅದು ಗೊತ್ತಾದ ಮೇಲೆ ಆ ತಗಡು ಬೇಕೆನಿಸಲಿಲ್ಲ. ನನ್ನ ದೆಸೆಯಿಂದ ಒಂದು ಕಾಲು ನೊಂದದ್ದು ಸಾಕು.

"ಸಮ ಮಾಡಿಬಿಡಪ್ಪ" ಎಂದೆ. ಮೊದಲ ಏಟು ಬೀಳುವವರೆಗೂ ಅಲ್ಲೇ ನಿಂತಿದ್ದೆ.

ಉಳಿದ ನೂರ ತೊಂಬತ್ತೊಂಬತ್ತು ಎಲ್ಲಿವೆಯೋ, ಯಾರು ಯಾರು ಎಡಮಂಡಿ ಉಜ್ಜಿಕೊಳ್ಳುತ್ತಾ ಕೂತಿದ್ದಾರೋ, ನಿನಗೇನಾದರೂ ಗೊತ್ತೇ?

ಎಲ್ಲಿದ್ದರೂ ಕಾಲು ಚಾಚಿಕೊಂಡು ಹಾಯಾಗಿರು ಮಗು. ನೋವು ನಿನ್ನ ಹತ್ತಿರ ಸುಳಿಯದಿರಲಿ.

ನಿನ್ನ
ಅಕ್ಕ